ಮೊಬೈಲನ್ನು ಶಪಿಸಿದರೆ ಮಕ್ಕಳು ಪುಸ್ತಕ ಹಿಡಿಯುವರೇ?

(ಹದಿಹರೆಯದವರ ಓದಿನ ಕುರಿತು ಶಕ್ತಿನಗರದಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ಸಭೆಗಳಲ್ಲಿ ಭಾಷಣಕಾರ ಏನು ಹೇಳುತ್ತಾನೆಂಬುದು ನಿಮಗೆ ಮೊದಲೇ ಗೊತ್ತಿರುತ್ತದೆ. ಪವಿತ್ರ ಕುರ್‌ಆನ್‌ನಲ್ಲಿ ಮೊತ್ತಮೊದಲು ಅವತೀರ್ಣವಾದ ಆಜ್ಞೆಯೇ ಓದಿನ ಕುರಿತಾದುದು ಎಂದು ಆತ ಆರಂಭಿಸುತ್ತಾನೆ. ಬಗ್ದಾದಿನ ಬೈತುಲ್ ಹಿಕ್ಮದ ವೈಭವವನ್ನು ಬಣ್ಣಿಸುತ್ತಾನೆ. ಅನಂತರ ಹದಿನೈದು ನಿಮಿಷ ಮೊಬೈಲನ್ನು ಶಪಿಸುತ್ತಾನೆ. ಹಿರಿಯರು ತಲೆದೂಗುತ್ತಾರೆ, ಮಕ್ಕಳು ತಲೆ ತಗ್ಗಿಸುತ್ತಾರೆ. ಮನೆ ಸೇರಿದ ಮೇಲೆ ತಂದೆ ವಾಟ್ಸ್‌ಆ್ಯಪ್ ತೆರೆಯುತ್ತಾರೆ, ಮಗ ಇನ್‌ಸ್ಟಾಗ್ರಾಮ್ ತೆರೆಯುತ್ತಾನೆ. ಆ ಭಾಷಣದಿಂದ ಒಂದೇ ಒಂದು ಪುಸ್ತಕವೂ ಯಾರ ಮನೆಗೂ ಹೋಗಿರುವುದಿಲ್ಲ.

ಆದ್ದರಿಂದ ನಾನು ಬೇರೆಯೇ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಲು ಇಚ್ಛಿಸುತ್ತೇನೆ. ಮೊಬೈಲ್ ನಮ್ಮ ಮಕ್ಕಳ ಕೈಯಿಂದ ಪುಸ್ತಕವನ್ನು ಕಿತ್ತುಕೊಂಡಿತು ಎನ್ನುತ್ತೇವಲ್ಲ, ಕಿತ್ತುಕೊಳ್ಳಲು ಅವರ ಕೈಯಲ್ಲಿ ಪುಸ್ತಕವಿತ್ತೇ? ಪಠ್ಯಪುಸ್ತಕವನ್ನು ಬಿಡಿ, ಗೈಡುಗಳನ್ನು ಬಿಡಿ. ಮನಸ್ಸಿನ ಖುಷಿಗಾಗಿ, ಯಾವ ಪರೀಕ್ಷೆಯ ಭಯವೂ ಇಲ್ಲದೆ ಓದುವಂತಹ ಒಂದು ಕಥೆ ಪುಸ್ತಕ ನಮ್ಮಲ್ಲಿ ಎಷ್ಟು ಮನೆಗಳಲ್ಲಿತ್ತು? ಜಿಯೋ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಆನ್‌ಲೈನ್ ತರಗತಿಯ ನೆಪದಲ್ಲಿ ಮೊಬೈಲ್ ಮಕ್ಕಳ ಕೈಗೆ ಹೋದದ್ದು 2020ರಲ್ಲಿ, ಕೊರೋನಾ ಕಾಲದಲ್ಲಿ. ಅದಕ್ಕೂ ಮುಂಚಿನ ಮನೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಗೋಡೆಯ ಗೂಡಿನಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಪವಿತ್ರ ಗ್ರಂಥ, ಒಂದು ದುಆ ಪುಸ್ತಕ, ಗೋಡೆಗೆ ನೇತುಹಾಕಿದ ಕ್ಯಾಲೆಂಡರ್. ಮುದ್ರಿತ ಅಕ್ಷರವೆಂದರೆ ಹೆಚ್ಚಿನ ಮನೆಗಳಲ್ಲಿ ಅಷ್ಟೇ. ಖಾಲಿ ಜಾಗಕ್ಕೆ ಮೊಬೈಲ್ ಬಂದು ಕುಳಿತಿತು. ಯಾರನ್ನೂ ಎಬ್ಬಿಸಿ ಕುಳಿತದ್ದಲ್ಲ.

ಹಿಂದೆ ಎಲ್ಲಿಯೂ ಓದು ಇರಲೇ ಇಲ್ಲ ಎಂದೂ ನಾನು ಹೇಳಲಾರೆ. ನಮ್ಮ ರಾಯಚೂರು ನಿಜಾಮರ ಸಂಸ್ಥಾನದ ಭಾಗವಾಗಿತ್ತು. ಇಲ್ಲಿ ಉರ್ದು ಆಡಳಿತದ ಭಾಷೆಯಾಗಿತ್ತು, ಶಾಲೆಯ ಭಾಷೆಯಾಗಿತ್ತು. ಹಿರಿಯರಲ್ಲಿ ಕೆಲವರಿಗೆ ಇಬ್ನೆ ಸಫಿಯ ಹೆಸರು ಕೇಳಿದರೆ ಇಂದಿಗೂ ಕಣ್ಣರಳುತ್ತದೆ. ಅಲಹಾಬಾದಿನಿಂದ 1952ರಲ್ಲಿ ಆರಂಭವಾದ ಅವರ ‘ಜಾಸೂಸಿ ದುನಿಯಾ’ ಮಾಲಿಕೆ ಉರ್ದು ಬಲ್ಲ ಊರೂರಿಗೂ ಹೋಯಿತು. ಅದರ ಹಿಂದೊಂದು ಸಂಗತಿಯಿದೆ. ಅಶ್ಲೀಲವಿಲ್ಲದೆ ಉರ್ದುವಿನಲ್ಲಿ ಜನಪ್ರಿಯ ಕಾದಂಬರಿ ಮಾರಾಟವಾಗದು ಎಂದು ಗೆಳೆಯರ ಕೂಟದಲ್ಲಿ ಯಾರೋ ಹೇಳಿದಾಗ, ಆಗಬಲ್ಲದೆಂದು ತೋರಿಸಲು ಆ ತರುಣ ಪತ್ತೇದಾರಿ ಬರೆಯತೊಡಗಿದರು. 1980ರಲ್ಲಿ ನಿಧನರಾಗುವ ವರೆಗಿನ ಅವರ ಬದುಕೆಲ್ಲ ಆ ಮಾತಿಗೆ ಉತ್ತರವೇ ಆಯಿತು. ಕೊಲೆ, ಕುತೂಹಲ, ನಗೆ ಎಲ್ಲವೂ ಅಲ್ಲಿತ್ತು. ತಂದೆ ಮಗಳ ಎದುರು ಮುಚ್ಚಿಡಬೇಕಾದ ಪುಟ ಇರಲಿಲ್ಲ. ಕನ್ನಡದಲ್ಲಿ ಎನ್. ನರಸಿಂಹಯ್ಯನವರೂ ಇಂಥದೇ ಕೆಲಸ ಮಾಡಿದರು. ಹೆಚ್ಚು ಶಾಲೆ ಕಲಿಯದ ಆ ಮನುಷ್ಯ ಬರೆದ ‘ಪತ್ತೇದಾರ ಪುರುಷೋತ್ತಮ’ನ ಕಥೆಗಳನ್ನು ವಿಮರ್ಶಕರು ಸಾಹಿತ್ಯವೆಂದು ಗಣಿಸಲಿಲ್ಲ. ಆದರೆ ಕೂಲಿಕಾರರು, ಬೀಡಿ ಕಟ್ಟುವವರು, ಚಹಾದಂಗಡಿಯ ಹುಡುಗರು ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತದ್ದು ಅಂತಹ ಪುಸ್ತಕಗಳಿಂದಲೇ. ಸಾಕ್ಷರತಾ ಆಂದೋಲನದ ಪ್ರಮಾಣಪತ್ರದಲ್ಲಿ ಆ ಲೆಕ್ಕ ಸಿಗುವುದಿಲ್ಲ, ಅಷ್ಟೆ.

ಮಕ್ಕಳ ‘ಚಂದಮಾಮ’ 1947ರಲ್ಲಿ ಮದ್ರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿ, ಕನ್ನಡಕ್ಕೂ ಬಂದು, ಮೂರು ತಲೆಮಾರಿನ ಮಕ್ಕಳನ್ನು ನಗಿಸಿ, 2013ರ ಹೊತ್ತಿಗೆ ಸದ್ದಿಲ್ಲದೆ ನಿಂತುಹೋಯಿತು. ದೆಹಲಿಯ ‘ಖಿಲೌನಾ’ 1987ರಲ್ಲೇ ನಿಂತಿತ್ತು. ಅದು ನಿಂತಾಗ ಇಲ್ಲಿ ಸ್ಮಾರ್ಟ್‌ಫೋನ್ ಎಂಬ ಪದವೇ ಇರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಉರ್ದು ಮಕ್ಕಳ ಓದನ್ನು ಕೊಂದದ್ದು ಮೊಬೈಲ್ ಎಂದು ನಾವು ಈಗ ಹಲುಬುವುದು ಇತಿಹಾಸಕ್ಕೆ ಬಗೆಯುವ ಅನ್ಯಾಯ.

ಈಗ ಇಂದಿನ ಚಿತ್ರಕ್ಕೆ ಬರೋಣ. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ 2023ರಲ್ಲಿ 14ರಿಂದ 18 ವಯಸ್ಸಿನ ಗ್ರಾಮೀಣ ಯುವಜನರನ್ನು ಅಧ್ಯಯನ ಮಾಡಿತು. ದೇಶದ 28 ಜಿಲ್ಲೆಗಳು ಅದರಲ್ಲಿದ್ದವು. ಸುಮಾರು 90 ಶೇಕಡಾ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಆ ವಯಸ್ಸಿನವರಲ್ಲಿ ಸುಮಾರು 25 ಶೇಕಡಾ ಮಂದಿಗೆ ತಮ್ಮದೇ ಪ್ರಾದೇಶಿಕ ಭಾಷೆಯ ಎರಡನೇ ತರಗತಿ ಮಟ್ಟದ ಪಾಠವನ್ನು ಸರಾಗವಾಗಿ ಓದಲು ಬರುತ್ತಿರಲಿಲ್ಲ. 2024ರ ಸಮೀಕ್ಷೆಯಲ್ಲಿ 14ರಿಂದ 16ರ ಮಕ್ಕಳ ಪೈಕಿ 82 ಶೇಕಡಾ ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹಿಂದಿನ ಒಂದು ವಾರದಲ್ಲಿ ಅದನ್ನು ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76 ಶೇಕಡಾ, ಕಲಿಕೆಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು 57 ಶೇಕಡಾ.

ಈ ಅಂಕಿಗಳಲ್ಲಿ ನನ್ನನ್ನು ಕಳವಳಗೊಳಿಸಿದ್ದು 76 ಅಲ್ಲ, 25. ಹದಿನೇಳು ವರ್ಷದ ಹುಡುಗನಿಗೆ ಎರಡನೇ ತರಗತಿಯ ಪಾಠ ತೊದಲುತ್ತದೆ ಎಂದಾದರೆ, ಅವನ ಕೈಗೆ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟು ‘ಓದು, ಬಹಳ ಚೆನ್ನಾಗಿದೆ’ ಎಂದರೆ ಆತ ಏನು ಮಾಡಬೇಕು? ಒಂದು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಆರಂಭ ಮರೆತುಹೋಗುವವನಿಗೆ ಓದಿನಲ್ಲಿ ಖುಷಿ ಎಲ್ಲಿಂದ ಬರಬೇಕು? ಅವನಿಗೆ ಓದು ಕಲ್ಲು ಹೊರುವ ಕೆಲಸ. ಮೂವತ್ತು ಸೆಕೆಂಡಿನ ವೀಡಿಯೊ ಅವನಿಗೆ ವಿಶ್ರಾಂತಿ. ನಾವು ಅವನನ್ನು ಸೋಮಾರಿ ಎನ್ನುತ್ತೇವೆ.

ಸಮುದಾಯದ ಮಟ್ಟಿಗೆ ಈ ತೊಡಕು ಇನ್ನೂ ಆಳವಾದುದು. ನಮ್ಮ ಮನೆಗಳಲ್ಲಿ ಆಡುವುದು ದಖನಿ. ಮಸೀದಿಯ ಮಕ್ತಬ್‌ನಲ್ಲಿ ಅರ್ಥ ತಿಳಿಯದೆ ಅರಬಿ ಅಕ್ಷರ ಕಲಿಯುತ್ತೇವೆ. ಶಾಲೆ ಕೆಲವರಿಗೆ ಉರ್ದು, ಕೆಲವರಿಗೆ ಕನ್ನಡ, ದುಡ್ಡಿದ್ದವರಿಗೆ ಇಂಗ್ಲಿಷ್. ಬೀದಿಯಲ್ಲಿ ಕನ್ನಡ. ಕೃಷ್ಣೆಯ ಸೇತುವೆ ದಾಟಿದರೆ ತೆಲುಗು. ವಿದ್ಯುತ್ ಕೇಂದ್ರದ ಕಾಲನಿಯಲ್ಲಿ ಹಿಂದಿಯೂ ಇದೆ. ಐದು ಭಾಷೆ ಆಡಬಲ್ಲ ಮಕ್ಕಳು ನಮ್ಮವರು, ಅದು ಹೆಮ್ಮೆಯ ವಿಷಯವೇ. ಆದರೆ ಇವುಗಳಲ್ಲಿ ಒಂದರಲ್ಲಾದರೂ ನೂರು ಪುಟದ ಪುಸ್ತಕವನ್ನು ಆಯಾಸವಿಲ್ಲದೆ ಓದಿ ಮುಗಿಸಬಲ್ಲವರು ಎಷ್ಟು ಮಂದಿ? ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಕನ್ನಡ ಮಾಧ್ಯಮಕ್ಕೆ ಬರುವ ಹುಡುಗಿ, ಹತ್ತು ಮುಗಿಸಿ ಇಂಗ್ಲಿಷ್ ಪಿಯುಸಿಗೆ ಸೇರುವ ಹುಡುಗ, ಇವರು ಪ್ರತಿ ಬಾರಿಯೂ ಸೊನ್ನೆಯಿಂದ ಆರಂಭಿಸುತ್ತಾರೆ. ದೇವದುರ್ಗದ ಕಡೆಯಿಂದ ತಂದೆ-ತಾಯಿಯ ಜೊತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ಮಕ್ಕಳ ವಿಷಯ ಹೇಳುವುದೇ ಬೇಡ. ಅವರಿಗೆ ಶಾಲೆಯೇ ಅರ್ಧ ವರ್ಷದ್ದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ 59.56 ಶೇಕಡಾ, ರಾಜ್ಯದ್ದು 75.36. ಈ ಊರಿನ ಮೊದಲ ವಿದ್ಯುತ್ ಘಟಕ 1985ರಲ್ಲಿ ಉರಿಯತೊಡಗಿತು. ಎಂಟು ಘಟಕಗಳ 1,720 ಮೆಗಾವ್ಯಾಟ್ ಇಲ್ಲಿಂದ ಹೊರಟು ನಾಡಿನ ದೀಪಗಳನ್ನು ಉರಿಸಿದೆ. ಬೂದಿ ನಮ್ಮ ಪಾಲಿಗೆ ಉಳಿದಿದೆ. ದೀಪ ಎಲ್ಲೋ ಇರುತ್ತದೆ, ಓದುವವನೂ ಅಲ್ಲೇ ಇರುತ್ತಾನೆ. ಇದು ರಾಜಕೀಯ ಮಾತೆಂದು ಯಾರಾದರೂ ಅಂದರೆ, ಹೌದು, ರಾಜಕೀಯವೇ.

ಹಾಗಾದರೆ ಖುಷಿಯ ಓದು ಬಡವನ ಮಕ್ಕಳಿಗೆ ಐಷಾರಾಮವೇ? ಮೊದಲು ಹೊಟ್ಟೆ, ಅನಂತರ ಅಂಕ, ಆಮೇಲೆ ಬೇಕಾದರೆ ಕಥೆ ಎಂದು ನಮ್ಮ ಬಹಳಷ್ಟು ಹಿತೈಷಿಗಳು ಭಾವಿಸಿದ್ದಾರೆ. ಈ ಭಾವನೆ ತಪ್ಪೆಂದು ತೋರಿಸುವ ಒಂದು ದೊಡ್ಡ ಅಧ್ಯಯನವಿದೆ. ಒಇಸಿಡಿ ಎಂಬ ಸಿರಿವಂತ ದೇಶಗಳ ಒಕ್ಕೂಟ 2000ದಲ್ಲಿ ಹಲವು ದೇಶಗಳ 15 ವರ್ಷದ ಮಕ್ಕಳನ್ನು ಪಿಸಾ ಪರೀಕ್ಷೆಗೆ ಒಳಪಡಿಸಿತು. ಬಿಡುವಿನಲ್ಲಿ ಏನು ಓದುತ್ತೀರಿ, ಎಷ್ಟು ಹೊತ್ತು ಓದುತ್ತೀರಿ, ಓದುವುದು ಇಷ್ಟವೇ ಎಂದೂ ಕೇಳಿತು. 2002ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, ತೀರಾ ಕೆಳಸ್ತರದ ಉದ್ಯೋಗದಲ್ಲಿರುವವರ ಮಕ್ಕಳ ಪೈಕಿ ಓದಿನಲ್ಲಿ ಹೆಚ್ಚು ತೊಡಗಿಕೊಂಡವರ ಸರಾಸರಿ ಅಂಕ 540. ಉನ್ನತ ಉದ್ಯೋಗಸ್ಥರ ಮಕ್ಕಳ ಪೈಕಿ ಓದಿನಲ್ಲಿ ಆಸಕ್ತಿಯಿಲ್ಲದವರ ಸರಾಸರಿ 491. ಅಂದರೆ ಖುಷಿಗಾಗಿ ಓದುವ ಕೂಲಿಯ ಮಗ, ಓದದ ಸಾಹೇಬನ ಮಗನಿಗಿಂತ ಮುಂದಿದ್ದ. ತಂದೆಯ ಉದ್ಯೋಗವನ್ನು ನಾವು ನಾಳೆ ಬದಲಿಸಲಾರೆವು. ಆಸ್ತಿಯನ್ನು ಹಂಚಲಾರೆವು. ಆದರೆ ಮಗುವಿಗೆ ಇಷ್ಟವಾಗುವ ಪುಸ್ತಕವನ್ನು ಅದರ ಕೈಗೆ ತಲುಪಿಸುವುದು ನಮ್ಮಿಂದ ಆಗುವ ಕೆಲಸ. ಟ್ಯೂಷನ್ ಶುಲ್ಕಕ್ಕೆ ಸಾಲ ಮಾಡುವ ತಂದೆ ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಇನ್ನು ಒಂದು ಆಕ್ಷೇಪ. ಇದು ನಮ್ಮೊಳಗಿನದು, ಗಂಭೀರವಾದುದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕಥೆ-ಕಾದಂಬರಿಗಳು ‘ಲಹ್ವ್’, ಕಾಲಹರಣದ ಮಾತುಗಳು, ಧಾರ್ಮಿಕ ಮನೆಗಳಿಗೆ ತಕ್ಕುದಲ್ಲ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದಕ್ಕೆ ಆಧಾರವಾಗಿ ನಝ್ರ್ ಬಿನ್ ಹಾರಿಸ್‌ನ ಪ್ರಸಂಗವನ್ನು ಹೇಳಲಾಗುತ್ತದೆ. ಪ್ರವಾದಿ(ಸ)ಯವರು ಮಕ್ಕಾದ ಜನರನ್ನು ಸತ್ಯದೆಡೆಗೆ ಕರೆಯುತ್ತಿದ್ದಾಗ, ಆತ ಪರ್ಶಿಯಾದ ರುಸ್ತುಮ್ ಮತ್ತು ಇಸ್ಫಂದಿಯಾರ್‌ರ ಕಥೆಗಳನ್ನು ಹೇಳಿ ಜನರನ್ನು ಆಚೆ ಸೆಳೆಯುತ್ತಿದ್ದ ಎಂದು ಸೀರತ್ ಗ್ರಂಥಗಳಲ್ಲಿದೆ. ಸರಿ. ಆದರೆ ಅಲ್ಲಿ ಖಂಡನೆಗೆ ಒಳಗಾದುದು ಆತನ ಉದ್ದೇಶ. ಕಥೆ ಹೇಳುವುದೇ ಪಾಪವಾಗಿದ್ದರೆ ಸಹೀಹ್ ಬುಖಾರಿಯ ವಿವಾಹದ ಅಧ್ಯಾಯದಲ್ಲಿರುವ ಉಮ್ಮು ಝರ್‌ಅ್‌ರ ಹದೀಸನ್ನು ನಾವು ಎಲ್ಲಿಡಬೇಕು? ಹನ್ನೊಂದು ಹೆಂಗಸರು ಒಂದೆಡೆ ಕುಳಿತು ತಮ್ಮ ತಮ್ಮ ಗಂಡಂದಿರ ಗುಣಾವಗುಣಗಳನ್ನು ಮುಚ್ಚಿಡದೆ ಹೇಳಿಕೊಂಡ ಆ ದೀರ್ಘ ಕಥೆಯನ್ನು ಹೇಳಿದವರು ಹಝ್ರತ್ ಆಯಿಶಾ(ರ). ಅದನ್ನು ಸಾವಧಾನದಿಂದ ಕೇಳಿ, ಕಥೆಯೊಳಗಿನ ಪಾತ್ರವೊಂದಕ್ಕೆ ತಮ್ಮನ್ನು ಹೋಲಿಸಿ ಪತ್ನಿಯನ್ನು ಸಂತೋಷಪಡಿಸಿದವರು ಪ್ರವಾದಿ(ಸ). ಲೋಕದ ಜವಾಬ್ದಾರಿಯನ್ನೇ ಹೊತ್ತಿದ್ದ ಮನೆಯಲ್ಲಿ ಒಂದು ಕಥೆಗೆ ಬಿಡುವಿತ್ತು. ಕುರ್‌ಆನ್ ಯೂಸುಫ್(ಅ)ರ ವೃತ್ತಾಂತವನ್ನು ಅತ್ಯುತ್ತಮ ಕಥನವೆಂದು ಕರೆದಿದೆ ಎಂಬುದೂ ನಮಗೆಲ್ಲ ತಿಳಿದದ್ದೇ.

ನಾನು ಮದ್ರಸದಲ್ಲಿ ಕಲಿತವನು. ಅಲ್ಲಿ ಅರಬಿ ಸಾಹಿತ್ಯಕ್ಕೆಂದು ನಮ್ಮ ಕೈಗೆ ಕೊಟ್ಟದ್ದು ‘ಮಖಾಮಾತೆ ಹರೀರಿ’. ವೇಷ ಬದಲಿಸಿ, ಮಾತಿನ ಚಮತ್ಕಾರದಿಂದ ಊರೂರಿನ ಜನರ ಜೇಬು ಖಾಲಿ ಮಾಡುವ ಅಬೂ ಝೈದ್ ಎಂಬ ಮಹಾ ಠಕ್ಕನ ಕಥೆಗಳು ಅವು. ಶತಮಾನಗಳಿಂದ ಉಲಮಾಗಳನ್ನು ರೂಪಿಸಿದ ಪಠ್ಯಕ್ರಮದಲ್ಲಿ ಒಬ್ಬ ಠಕ್ಕ ನಿಶ್ಚಿಂತೆಯಿಂದ ಕುಳಿತಿದ್ದಾನೆ. ಅವನ ದೆಸೆಯಿಂದ ಕೆಟ್ಟುಹೋದ ಆಲಿಮರನ್ನು ನಾನು ಕಂಡಿಲ್ಲ. ಭಾರತದ ಪಂಚತಂತ್ರವು ಎಂಟನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಾನ ಕೈಯಲ್ಲಿ ‘ಕಲೀಲ ವ ದಿಮ್ನ’ವಾಗಿ ಅರಬಿಗೆ ಹೋಯಿತು. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದ. ಅಂದರೆ ಈ ನೆಲದ ಕನ್ನಡಿಗನೂ ಬಗ್ದಾದಿನ ಅರಬನೂ ಮಕ್ಕಳಿಗೆ ಒಂದೇ ನರಿಯ ಕಥೆಯನ್ನು ಹೇಳುತ್ತಿದ್ದರು.

ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಸುಧಾರಕರಿಗೆ ಕಥೆಯ ಬಗ್ಗೆ ಭಯ ಹುಟ್ಟಿತು. ಡೆಪ್ಯುಟಿ ನಝೀರ್ ಅಹ್ಮದರು ತಮ್ಮ ಹೆಣ್ಣುಮಕ್ಕಳಿಗೆ ಓದಲು ಒಳ್ಳೆಯ ಪುಸ್ತಕವಿಲ್ಲವೆಂದು ತಾವೇ ಬರೆದ ‘ಮಿರಾತುಲ್ ಉರೂಸ್’ 1869ರಲ್ಲಿ ಪ್ರಕಟವಾಯಿತು. ಸರಕಾರ ಅದಕ್ಕೆ ಬಹುಮಾನ ನೀಡಿತು, ಮನೆಮನೆಗಳಲ್ಲಿ ಹೆಣ್ಣುಮಕ್ಕಳು ಅದನ್ನು ಓದಿದರು. ಅದೇ ನಝೀರ್ ಅಹ್ಮದರ ಇನ್ನೊಂದು ಕಾದಂಬರಿ ‘ತೌಬತುನ್ನಸೂಹ್’ನಲ್ಲಿ ಪಶ್ಚಾತ್ತಾಪಪಟ್ಟ ತಂದೆಯೊಬ್ಬ ಮಗನ ಪುಸ್ತಕ ಸಂಗ್ರಹಕ್ಕೆ ಬೆಂಕಿ ಇಡುತ್ತಾನೆ. ಅದಾದ ಒಂದು ತಲೆಮಾರಿಗೆ ಮೌಲಾನಾ ಅಶ್ರಫ್ ಅಲಿ ಥಾನವಿಯವರ ‘ಬಿಹಿಷ್ತಿ ಝೇವರ್’ ಬಂತು. ಮಹಿಳೆಯರ ಶಿಕ್ಷಣಕ್ಕೆ ಆ ಗ್ರಂಥದ ಕೊಡುಗೆ ದೊಡ್ಡದು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮಹಿಳೆಯರು ದೂರವಿರಬೇಕಾದ ಪುಸ್ತಕಗಳ ಪಟ್ಟಿಯೂ ಅದರಲ್ಲಿದೆ, ಆ ಪಟ್ಟಿಯಲ್ಲಿ ‘ಮಿರಾತುಲ್ ಉರೂಸ್’ ಕೂಡ ಇದೆ. ಕಾದಂಬರಿಯಲ್ಲಿ ಪುಸ್ತಕ ಸುಡಿಸಿದವರ ಕಾದಂಬರಿಯೇ ಮುಂದೆ ಸಂಶಯಕ್ಕೆ ಗುರಿಯಾಯಿತು. ಅಂದಿನ ಹಿರಿಯರಿಗೆ ಅವರದೇ ಕಾರಣಗಳಿದ್ದವು. ರಾಜ್ಯ ಹೋಗಿತ್ತು, ಸಮಾಜ ಕುಸಿದಿತ್ತು, ಉಳಿದುದನ್ನಾದರೂ ಕಾಯಬೇಕೆಂಬ ಆತಂಕವಿತ್ತು. ಇಂದು ಆ ಭಯವನ್ನು ಮಾತ್ರ ಇಟ್ಟುಕೊಂಡು ಪುಸ್ತಕದ ಕಪಾಟಿಗೆ ಬೀಗ ಹಾಕಿ, ಎಲ್ಲವೂ ತೆರೆದಿರುವ ಮೊಬೈಲನ್ನು ಅದೇ ಮಗಳ ಕೈಗೆ ಕೊಟ್ಟಿದ್ದೇವೆ. ಇದಕ್ಕಿಂತ ದೊಡ್ಡ ವಿಪರ್ಯಾಸವನ್ನು ನಾನು ಕಂಡಿಲ್ಲ.

ಅದೇ ಪರಂಪರೆಯಲ್ಲಿ ಡಾ. ಝಾಕಿರ್ ಹುಸೇನರೂ ಇದ್ದಾರೆ. ಹೈದರಾಬಾದಿನಲ್ಲಿ ಹುಟ್ಟಿ, ಜಾಮಿಯಾ ಮಿಲ್ಲಿಯಾವನ್ನು ಕಟ್ಟಿ, 1967ರಲ್ಲಿ ರಾಷ್ಟ್ರಪತಿಯಾದ ಆ ವಿದ್ವಾಂಸರು ಮಕ್ಕಳಿಗಾಗಿ ‘ಅಬ್ಬೂ ಖಾನ್ ಕೀ ಬಕ್ರಿ’ ಎಂಬ ಮೇಕೆಯ ಕಥೆ ಬರೆದರು. ಮೇಕೆಯ ಕಥೆ ಬರೆಯುವುದು ಘನತೆಗೆ ಕುಂದೆಂದು ಅವರಿಗೆ ಅನಿಸಲಿಲ್ಲ. ಕನ್ನಡದಲ್ಲಿ ನೋಡಿ, 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿದ್ದವರು ಮಕ್ಕಳ ಪದ್ಯ-ಕಥೆಗಳ ಪಂಜೆ ಮಂಗೇಶರಾಯರು. ನಿಜಾಮರ ಆಳ್ವಿಕೆಯಲ್ಲಿ ಕನ್ನಡಕ್ಕೆ ಅಧಿಕೃತ ಸ್ಥಾನವಿಲ್ಲದ ಊರಿಗೆ ಕನ್ನಡವು ಕಳುಹಿಸಿದ್ದು ಮಕ್ಕಳ ಸಾಹಿತಿಯನ್ನು. ಐವತ್ತರ ದಶಕದಲ್ಲಿಯೂ 2016ರಲ್ಲಿಯೂ ಇಲ್ಲಿ ಸಮ್ಮೇಳನ ನಡೆದಿದೆ. ಮೂರು ಸಮ್ಮೇಳನ ಕಂಡ ಜಿಲ್ಲೆಯಲ್ಲಿ ಮಕ್ಕಳಿಗೆಂದು ಕಥೆ ಪುಸ್ತಕ ಮಾರುವ ಅಂಗಡಿಯನ್ನು ಹುಡುಕಿಕೊಂಡು ಹೋಗಬೇಕಾಗಿದೆ.

ಇಲ್ಲಿಗೆ ಬರುವ ಮುನ್ನ ನಾನು ಕೆಲವು ಮಕ್ಕಳೊಂದಿಗೆ ಮಾತನಾಡಿದೆ. ಪಿಯುಸಿ ಓದುವ ಹುಡುಗಿಯೊಬ್ಬಳನ್ನು ‘ಏನು ಓದುತ್ತೀಯಮ್ಮಾ?’ ಎಂದು ಕೇಳಿದಾಗ, ‘ಏನೂ ಓದಲ್ರಿ ಸರ್’ ಎಂದಳು. ಮತ್ತೆ ಕೇಳಿದ ಮೇಲೆ ತಿಳಿದದ್ದು, ಅವಳು ಪ್ರತಿಲಿಪಿ ಎಂಬ ಆ್ಯಪ್‌ನಲ್ಲಿ ದಿನವೂ ರಾತ್ರಿ ಕನ್ನಡ ಧಾರಾವಾಹಿ ಕಥೆಗಳನ್ನು ಓದುತ್ತಾಳೆ. ಒಂದರಲ್ಲಿ ನೂರಕ್ಕೂ ಹೆಚ್ಚು ಅಧ್ಯಾಯಗಳು ಮುಗಿದಿದ್ದವು. ‘ಅದನ್ನ ಯಾರು ಓದಂತ ಲೆಕ್ಕ ಹಿಡೀತಾರ್ರಿ?’ ಎಂದು ಅವಳೇ ನನ್ನನ್ನು ಕೇಳಿದಳು. ಒಬ್ಬ ಹುಡುಗ ಕ್ರಿಕೆಟ್ ಆಟಗಾರರ ಜೀವನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಫೋನಿನಲ್ಲೇ ಓದುತ್ತಾನೆ. ಇನ್ನೊಬ್ಬನಿಗೆ ಜಿನ್ನುಗಳ ಕಥೆಗಳ ಹುಚ್ಚು, ಆದರೆ ಅವನು ಓದುವುದಿಲ್ಲ, ಯೂಟ್ಯೂಬಿನಲ್ಲಿ ಕೇಳುತ್ತಾನೆ.

ಆ ಹುಡುಗಿ ಓದುಗಳು. ಅವಳು ಓದುವ ಪ್ರೇಮಕಥೆಗಳ ಗುಣಮಟ್ಟ ನನಗೆ ಹೆಚ್ಚೇನೂ ಹಿಡಿಸಲಿಲ್ಲ, ಅದನ್ನು ಅವಳಿಗೂ ಹೇಳಿದೆ. ಆದರೆ ನೂರು ಅಧ್ಯಾಯ ಕನ್ನಡ ಓದಿದ ಮನೆಮಾತು ದಖನಿಯ ಹುಡುಗಿಗೆ ಕನ್ನಡ ಈಗ ಕಲ್ಲಿನ ಹೊರೆಯಲ್ಲ. ಅವಳ ಕೈಗೆ ನಾಳೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕೊಟ್ಟರೆ ಎರಡು ದಿನದಲ್ಲಿ ಓದಿ ಮುಗಿಸಬಲ್ಲಳು. ಕೊಡುವವರು ಬೇಕು. ‘ಥೂ, ಆ ಕಸ ಬಿಡು’ ಎನ್ನುವವರು ಅವಳ ಸುತ್ತ ಬೇಕಷ್ಟಿದ್ದಾರೆ. ‘ಅದು ಇಷ್ಟವಾಯಿತೇ? ಹಾಗಾದರೆ ಇದನ್ನೂ ನೋಡು’ ಎನ್ನುವ ಒಬ್ಬ ಅಕ್ಕ, ಒಬ್ಬ ಟೀಚರ್, ಒಬ್ಬ ಖಾಲಾ ಇಲ್ಲ.

ಬಾನು ಮುಷ್ತಾಕ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಅವರ ವಿಚಾರಗಳೆಲ್ಲವನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ಒಂದು ಸಂಗತಿ ಗಮನಿಸಿ. ಎಂಟನೇ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಮಿಷನರಿ ಶಾಲೆಯ ಕನ್ನಡ ಮಾಧ್ಯಮಕ್ಕೆ ಸೇರಿಸುವಾಗ, ಆರು ತಿಂಗಳೊಳಗೆ ಕನ್ನಡ ಓದು-ಬರಹ ಕಲಿಯಬೇಕು ಎಂಬ ಷರತ್ತಿತ್ತು. ಉರ್ದು ಮನೆಮಾತಿನ ಆ ಬಾಲಕಿ ಕೆಲವೇ ದಿನಗಳಲ್ಲಿ ಕನ್ನಡ ಬರೆಯತೊಡಗಿದಳು. ಮನೆಮಾತು ಬೇರೆ ಎಂಬುದು ಕನ್ನಡದ ಓದಿಗೆ ಅಡ್ಡಿಯಾಗಬೇಕಿಲ್ಲ. ಬೊಳುವಾರು ಮಹಮದ್ ಕುಂಞಿಯವರು ಮಕ್ಕಳಿಗಾಗಿ ಬರೆದ ಗಾಂಧೀಜಿಯ ಕಥೆಗೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂದಿದೆ. ನಮ್ಮ ಜಿಲ್ಲೆಯವರೇ ಆದ ಶಾಂತರಸರು ‘ಉಮ್ರಾವ್ ಜಾನ್ ಅದಾ’ವನ್ನು ಕನ್ನಡಕ್ಕೆ ತಂದರು, ಗಜಲನ್ನು ಕನ್ನಡದ್ದಾಗಿಸಿದರು. ಉರ್ದುವನ್ನು ಪ್ರೀತಿಸಿದ ಕನ್ನಡಿಗ ಅವರು. ಕನ್ನಡವನ್ನು ಪ್ರೀತಿಸುವ ಉರ್ದು ಮಕ್ಕಳು ಅವರಿಗೆ ಈ ನೆಲದಲ್ಲಿ ಸಿಗಬೇಡವೇ?

ಸರಕಾರದ ಪಾಲಿನ ಕೆಲಸವನ್ನೂ ಹೇಳಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಮೇರೆಗೆ ಆಸ್ತಿ ತೆರಿಗೆಯ ಜೊತೆ 6 ಶೇಕಡಾ ಗ್ರಂಥಾಲಯ ಕರವನ್ನು ನೀವು ಕಟ್ಟುತ್ತೀರಿ. ಮನೆ ಇರುವವರೆಲ್ಲ ರಸೀದಿ ತೆಗೆದು ನೋಡಿ. ಆ ಹಣದಿಂದ ಎಷ್ಟು ಪುಸ್ತಕ ಬಂತೆಂದು ಕೇಳುವ ಹಕ್ಕು ನಿಮ್ಮದು. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತ್ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು, ಮುಂದೆ ಅವುಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು ಬಂತು. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಒಳ್ಳೆಯ ಯೋಜನೆ, ಪ್ರಾಮಾಣಿಕವಾಗಿ ಮೆಚ್ಚಬೇಕು. ಅದರ ಪ್ರಯೋಜನ ಪಡೆಯಲು ನಮ್ಮ ಮೊಹಲ್ಲಾಗಳಿಂದ ಎಷ್ಟು ಮಕ್ಕಳು ಹೋದರು? ನಮ್ಮ ಜಮಾಅತ್‌ಗಳಲ್ಲಿ ಈ ವಿಷಯ ಒಂದು ಶುಕ್ರವಾರವಾದರೂ ಪ್ರಸ್ತಾಪವಾಯಿತೇ? ಪಡಿತರ ಚೀಟಿಯ ಪ್ರಕಟಣೆಯನ್ನು ಮೈಕಿನಲ್ಲಿ ಮೂರು ಬಾರಿ ಹೇಳುವ ನಾವು, ಗ್ರಂಥಾಲಯದ್ದನ್ನು ಒಮ್ಮೆ ಹೇಳಬಹುದಿತ್ತು.

ನಿಷೇಧದ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಆಸ್ಟ್ರೇಲಿಯಾ 2024ರಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿರ್ಬಂಧಿಸಿದೆ. ಮಕ್ಕಳ ಸುರಕ್ಷತೆಗೆ ಅದರ ಅಗತ್ಯವಿರಬಹುದು. ಆದರೆ ನಮ್ಮಲ್ಲಿ 2020ರ ಜೂನಿನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಮಕ್ಕಳು ಪುಸ್ತಕದಂಗಡಿಗೆ ಓಡಲಿಲ್ಲ, ರೀಲ್ಸಿಗೆ ಹೋದರು. ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ತೆರೆದಿಡದಿದ್ದರೆ ಹೀಗೆಯೇ ಆಗುವುದು.

ಹಾಗಾದರೆ ತೆರೆದಿಡುವುದು ಹೇಗೆ? ಮಹಾ ಯೋಜನೆ ಬೇಡ. ಮಸೀದಿಯ ಪಡಸಾಲೆಯಲ್ಲಿ, ಮಕ್ತಬ್‌ನ ಮೂಲೆಯಲ್ಲಿ ಒಂದು ತೆರೆದ ಕಪಾಟು. ತೆರೆದದ್ದು ಎನ್ನುತ್ತಿದ್ದೇನೆ, ಏಕೆಂದರೆ ನಮ್ಮಲ್ಲಿ ಕಪಾಟೆಂದರೆ ಗಾಜು, ಬೀಗ ಮತ್ತು ಊರಿಗೆ ಹೋದ ಮುತವಲ್ಲಿಯ ಜೇಬಿನಲ್ಲಿರುವ ಕೀಲಿಕೈ. ತಲಾ ನೂರು ರೂಪಾಯಿಯ ಪುಸ್ತಕಗಳಾದರೆ ಹತ್ತು ಸಾವಿರಕ್ಕೆ ನೂರು ಪುಸ್ತಕ. ಒಂದು ಮದುವೆಯ ಬಿರಿಯಾನಿಯಲ್ಲಿ ಎಲೆಯ ಮೇಲೆ ಉಳಿದುಹೋಗುವ ಮೊತ್ತ ಇದಕ್ಕಿಂತ ಹೆಚ್ಚಿರುತ್ತದೆ. ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲೂ ಉರ್ದುವಿನಲ್ಲೂ ಮಕ್ಕಳ ಪುಸ್ತಕ ತರುತ್ತದೆ, ನವಕರ್ನಾಟಕದಲ್ಲಿ ವಿಜ್ಞಾನದ ಪುಸ್ತಕಗಳಿವೆ. ದುಡ್ಡೇ ಇಲ್ಲವೆಂದರೆ ಅದೇ ಮೊಬೈಲ್ ಸಾಕು. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ನಲ್ಲಿ ಕನ್ನಡ, ಉರ್ದು ಎರಡೂ ಭಾಷೆಯ ಕಥೆಗಳು ಉಚಿತವಾಗಿವೆ. ಓದಲು ತೊದಲುವ ಹದಿನೈದರ ಹುಡುಗ ಚಿಕ್ಕ ಮಕ್ಕಳ ಪುಸ್ತಕ ಹಿಡಿಯಲು ನಾಚುತ್ತಾನೆ, ಅವನಿಗೆ ‘ನಿನ್ನ ತಂಗಿಗೆ ಇದನ್ನು ಓದಿ ಹೇಳು’ ಎನ್ನಿ. ನಾಚಿಕೆಯೂ ಉಳಿಯುವುದಿಲ್ಲ, ತಂಗಿಗೂ ಕಥೆ ಸಿಗುತ್ತದೆ. ‘ರೇಖ್ತಾ’ದಲ್ಲಿ ಹಳೆಯ ಉರ್ದು ಪುಸ್ತಕಗಳು ಸಾವಿರಾರು ಸಂಖ್ಯೆಯಲ್ಲಿವೆ. ಅಜ್ಜ ಓದಿದ್ದ ಪತ್ತೇದಾರಿಯನ್ನು ಮೊಮ್ಮಗ ಫೋನಿನಲ್ಲಿ ಓದಬಹುದು. ಉರ್ದು ಲಿಪಿ ಬಾರದಿದ್ದರೆ ಅಜ್ಜನೇ ಓದಿ ಹೇಳಲಿ.

ಪುಸ್ತಕಗಳ ಆಯ್ಕೆಯನ್ನು ಮಾತ್ರ ಕಮಿಟಿಯ ಹಿರಿಯರಿಗೆ ಬಿಡಬೇಡಿ. ಬಿಟ್ಟರೆ ನೂರರಲ್ಲಿ ತೊಂಬತ್ತು ಉಪದೇಶದ ಪುಸ್ತಕಗಳೇ ಬರುತ್ತವೆ, ಒಂದು ತಿಂಗಳಲ್ಲಿ ಅವುಗಳ ಮೇಲೆ ಧೂಳು ಕೂರುತ್ತದೆ. ಅಶ್ಲೀಲ, ದ್ವೇಷ ಇವೆರಡಕ್ಕೆ ತಡೆ ಇರಲಿ. ಉಳಿದಂತೆ ದೆವ್ವದ ಕಥೆ, ಕ್ರಿಕೆಟ್, ಪತ್ತೇದಾರಿ, ಕಾಮಿಕ್ಸ್, ನಗೆಹನಿ ಮಕ್ಕಳೇ ಆರಿಸಲಿ. ಓದಿದ ಮೇಲೆ ‘ಇದರಿಂದ ಏನು ಪಾಠ ಕಲಿತೆ?’ ಎಂದು ಯಾರೂ ಕೇಳಕೂಡದು. ಆ ಒಂದು ಪ್ರಶ್ನೆ ಸಾಕು, ಮರುದಿನ ಮಗು ಬರುವುದಿಲ್ಲ.

ಕೊನೆಯದಾಗಿ ಹೆಣ್ಣುಮಕ್ಕಳ ವಿಷಯ. ಹುಡುಗರಾದರೋ ಪಂಚಾಯತ್ ಗ್ರಂಥಾಲಯಕ್ಕೆ ಸೈಕಲ್ ಏರಿ ಹೋಗಬಲ್ಲರು. ಹತ್ತನೇ ತರಗತಿ ಮುಗಿದು ಮನೆಯಲ್ಲಿ ಉಳಿದ ಹುಡುಗಿ ಎಲ್ಲಿಗೆ ಹೋಗಬೇಕು? 2022ರ ಫೆಬ್ರವರಿಯ ಸಮವಸ್ತ್ರ ಆದೇಶದ ಬಳಿಕ ರಾಜ್ಯದ ಹಲವೆಡೆ ಹಿಜಾಬ್ ಧರಿಸುವ ಹುಡುಗಿಯರು ಕಾಲೇಜು ಬಿಟ್ಟರು. ಆ ಅನ್ಯಾಯದ ವಿರುದ್ಧ ನಾವು ದನಿ ಎತ್ತಿದೆವು, ಅದು ಸರಿಯೇ. ಆದರೆ ಅವರು ಮನೆಗೆ ಮರಳಿದಾಗ ಅವರ ಕೈಗೆ ನಾವು ಏನು ಕೊಟ್ಟೆವು? ಸ್ಮಾರ್ಟ್‌ಫೋನ್, ಅದೂ ಅಣ್ಣನ ಕಣ್ಗಾವಲಿನಲ್ಲಿ. ಆದ್ದರಿಂದ ಈ ಕಪಾಟು ಇಡುವ ಜಾಗಕ್ಕೆ ಹೆಣ್ಣುಮಕ್ಕಳು ಬಂದು ಹೋಗುವಂತಿರಬೇಕು. ಮಸೀದಿಯಲ್ಲಿ ಸಾಧ್ಯವಾಗದಿದ್ದರೆ ಯಾರಾದರೂ ಟೀಚರಮ್ಮನ ಮನೆಯ ಹೊರ ಕೋಣೆಯಲ್ಲಿ ಇರಲಿ. ವಾರಕ್ಕೆ ಎರಡು ಸಂಜೆ, ಅಸರ್ ನಮಾಝಿನಿಂದ ಮಗ್ರಿಬ್ ವರೆಗೆ. ಪುಸ್ತಕ ಯಾರು ಒಯ್ದರೆಂದು ಬರೆದಿಡುವ ನೋಟುಬುಕ್ಕನ್ನು ಅವರಲ್ಲೇ ಒಬ್ಬಳು ನೋಡಿಕೊಳ್ಳಲಿ. ಈ ಸಭೆ ಮುಗಿದ ಕೂಡಲೇ ಅಧ್ಯಕ್ಷರು ಮೂವರ ಹೆಸರನ್ನು ಬರೆದುಕೊಳ್ಳಲಿ ಎಂದು ಕೋರುತ್ತೇನೆ. ಜಾಗ ಕೊಡುವವರು ಒಬ್ಬರು, ಹಣ ಸಂಗ್ರಹಿಸುವವರು ಒಬ್ಬರು, ಮಕ್ಕಳೊಂದಿಗೆ ಪುಸ್ತಕ ಆರಿಸಲು ರಾಯಚೂರಿಗೆ ಹೋಗುವವರು ಒಬ್ಬರು. ಪ್ರತಿಲಿಪಿ ಓದುವ ಆ ಹುಡುಗಿ ಮೂರನೆಯವಳಾಗಲು ಒಪ್ಪಿದ್ದಾಳೆ. ಅವಳ ತಂದೆಯೂ ಈ ಸಭೆಯಲ್ಲಿದ್ದಾರೆ.